ಮೊದಲು ಎಷ್ಟು, ಆಮೇಲೆ ಎಲ್ಲಿ: ಗಡಿಸೀಮೆಯ ಮನೆ ಹಗುರ ಮಾಡುವ ಬಗೆ

ಪಿತೃಪಕ್ಷ ಮುಗಿಯುತ್ತ ಬಂದಂತೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ನಾಂದಣಿಯಿಂದ ಹಿಡಿದು ಗಡಹಿಂಗ್ಲಜದವರೆಗೆ ಮಾಳಿಗೆಗಳ ಮೇಲೆ, ಹೊಳೆಯ ದಂಡೆಯಲ್ಲಿ, ಬೇಲಿಯ ಮೇಲೆ ಕೌದಿ, ಚಾದರ, ಜಮಖಾನೆಗಳು ಒಣಗಲು ಬೀಳುತ್ತವೆ. ನವರಾತ್ರಿಯ ಘಟ ಕೂರುವ ಮೊದಲು ಮನೆಯಲ್ಲಿ ತೊಳೆಯದ ವಸ್ತು ಉಳಿಯಬಾರದೆಂದು ಈ ಸೀಮೆಯ ಹೆಣ್ಣುಮಕ್ಕಳು ಬೆನ್ನು ಮುರಿಯುವಷ್ಟು ದುಡಿಯುತ್ತಾರೆ. ಅಟ್ಟದ ಹಿತ್ತಾಳೆ ಕೊಡಗಳು ಕೆಳಗಿಳಿಯುತ್ತವೆ, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಹೊಳೆಯುತ್ತವೆ, ಸಂಜೆಗೆ ಮತ್ತೆ ಅಟ್ಟ ಏರುತ್ತವೆ. ತೊಳೆಯುವುದು ನಮಗೆ ಚೆನ್ನಾಗಿ ಗೊತ್ತು. ತೆಗೆಯುವುದು ಗೊತ್ತಿಲ್ಲ. ವರ್ಷಗಟ್ಟಲೆ ಯಾರೂ ನೀರು ತುಂಬದ ಕೊಡ ಪ್ರತಿ ದಸರೆಗೂ ತೊಳೆಸಿಕೊಳ್ಳುತ್ತದೆ. ಅದರ ಕೂಲಿಯೆಲ್ಲ ಮನೆಯ ಸೊಸೆಯ ರಟ್ಟೆಯ ಮೇಲೆ. ಈ ಬರಹ ಆ ರಟ್ಟೆಗಳ ಪರವಾಗಿ.

ಮನೆಯಲ್ಲಿ ತುಂಬಿಕೊಂಡ ಸಾಮಾನು ಇಳಿಸಲು ಈಗ ಹಲವರು ಫೆಂಗ್ ಶುಯಿಯ ಕಡೆ ನೋಡುತ್ತಿದ್ದಾರೆ. ಕೊಲ್ಹಾಪುರ, ಇಚಲಕರಂಜಿಯ ಗಿಫ್ಟ್ ಅಂಗಡಿಗಳಲ್ಲಿ ಅದು ನಗುವ ಬುದ್ಧನಾಗಿ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆಯಾಗಿ, ನೀರಲ್ಲಿ ನಿಂತ ಬಿದಿರಾಗಿ, ಬಾಗಿಲಿಗೆ ಕಟ್ಟುವ ಗಾಳಿಗಂಟೆಯಾಗಿ ಮಾರಾಟಕ್ಕಿದೆ. ಮನೆ ಖಾಲಿ ಮಾಡಲು ಹೊರಟವರು ಇನ್ನೂ ನಾಲ್ಕು ಗೊಂಬೆ ಕೊಂಡು ತಂದರೆ ಹಗುರವಾಗುವುದು ಕಿಸೆಯೊಂದೇ. ಆಗ್ನೇಯ ಮೂಲೆಯಲ್ಲಿ ಗಿಡ ಇಟ್ಟರೆ ಹಣ ಬರುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಆ ಭಾಗವನ್ನು ಇಲ್ಲಿಯೇ ಬಿಟ್ಟುಬಿಡೋಣ.

ಆದರೆ ಫೆಂಗ್ ಶುಯಿಯ ಬೇರು ಗಾಳಿ ಮತ್ತು ನೀರಿನಲ್ಲಿದೆ. ಬೀಸುವ ಗಾಳಿಯಲ್ಲಿ ಜೀವಸತ್ವ, ಅವರ ಮಾತಿನಲ್ಲಿ 'ಚೀ', ಚದುರಿ ಹೋಗುತ್ತದೆ, ನೀರಿನ ಬಳಿ ನಿಲ್ಲುತ್ತದೆ ಎಂಬ ವಿಚಾರ 4ನೇ ಶತಮಾನದ ಚೀನೀ ಪಂಡಿತ ಗುವೊ ಪು ಹೆಸರಿನಲ್ಲಿರುವ ಒಂದು ಹಳೆಯ ಗ್ರಂಥದಲ್ಲಿದೆ. ಆ ಗ್ರಂಥ ಮಾತಾಡುವುದು ಸಮಾಧಿಗೆ ಜಾಗ ಆರಿಸುವುದರ ಬಗ್ಗೆ. ಬೆಟ್ಟ ಎಲ್ಲಿದೆ, ಹೊಳೆ ಎಲ್ಲಿ ತಿರುಗುತ್ತದೆ, ಚಳಿಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೆಲ ನೋಡಿ ನಿರ್ಧರಿಸುವ ವಿದ್ಯೆ ಅದು. ಕಪಾಟಿನ ಸೀರೆ, ಮಂಚದ ಕೆಳಗಿನ ಪೆಟ್ಟಿಗೆಯವರೆಗೆ ಅದು ಬಂದದ್ದು ತೀರ ಈಚೆಗೆ. ಅಮೆರಿಕದಲ್ಲಿ ಲಿನ್ ಯುನ್ ಎಂಬ ಗುರು ದಿಕ್ಸೂಚಿ ಬಿಟ್ಟು ಮುಂಬಾಗಿಲಿನಿಂದಲೇ ಮನೆಯ ನಕ್ಷೆ ಓದುವ ಪದ್ಧತಿಯನ್ನು ಹರಡಿದರು. 1998ರಲ್ಲಿ ಕ್ಯಾರೆನ್ ಕಿಂಗ್‌ಸ್ಟನ್ ಎಂಬ ಲೇಖಕಿ ಫೆಂಗ್ ಶುಯಿಯನ್ನೂ ಮನೆಯ ಅಡಕಲು ತೆಗೆಯುವುದನ್ನೂ ಒಂದೇ ಪುಸ್ತಕದಲ್ಲಿ ಜೋಡಿಸಿದರು. ಇಂದು ಜನ ಹೇಳುವ ಮಾತುಗಳಲ್ಲಿ ಬಹಳಷ್ಟು ಆ ಪುಸ್ತಕದ ನಂತರದವು.

ಫೆಂಗ್ ಶುಯಿಯಿಂದ ನಾನು ತೆಗೆದುಕೊಳ್ಳುವುದು ಮೂರೇ ಮಾತು. ಮುಂಬಾಗಿಲಿಂದ ಹಿತ್ತಲವರೆಗೆ ಗಾಳಿಗೂ ಮನುಷ್ಯರಿಗೂ ದಾರಿ ತೆರೆದಿರಬೇಕು. ಮನೆಯ ನಡುವೆ ಭಾರ ಇರಬಾರದು. ಕೆಟ್ಟದ್ದು, ಒಡೆದದ್ದು, ನಿಂತುಹೋದದ್ದು ಮನೆಯೊಳಗೆ ಇರಬಾರದು. ಇವು ಯಾವ ಮನೆಗೂ ಹೊಂದುವ ಮಾತುಗಳು. ಆದರೆ ಫೆಂಗ್ ಶುಯಿ ಹೇಳದ ಒಂದು ಸಂಗತಿ ಇದೆ: ಎಷ್ಟು ಸಾಮಾನು ಇರಬೇಕು? ಎಲ್ಲಿಡಬೇಕು ಎಂದು ಅದು ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಆ ಲೆಕ್ಕ ನಾಂದಣಿಯ ಮಣ್ಣಿನಲ್ಲೇ ಇದೆ.

ವ್ರತದೊಳಗಿನ ಪಟ್ಟಿ

ಜಯಸಿಂಗಪುರದ ಸಮೀಪದ ಈ ಊರಿನ ಹೆಸರನ್ನು ಹೊರಗಿನ ಅನೇಕರು ಕೇಳಿದ್ದು 2025ರ ಜುಲೈನಲ್ಲಿ, ಇಲ್ಲಿನ ಜೈನ ಮಠದ ಆನೆ ಮಹಾದೇವಿಯನ್ನು ಜಾಮನಗರದ ವನತಾರಾಕ್ಕೆ ಒಯ್ದಾಗ. ಅದಕ್ಕೂ ಎಷ್ಟೋ ಮೊದಲಿನಿಂದ ಜಿನಸೇನ ಭಟ್ಟಾರಕರ ಈ ಮಠ ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಬದಿಯ, ಕನ್ನಡ ಮತ್ತು ಮರಾಠಿ ಆಡುವ ದಿಗಂಬರ ಜೈನ ಕುಟುಂಬಗಳಿಗೆ ಗುರುಪೀಠ. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳ ಹಾಗೆ ಎಲ್ಲವನ್ನೂ ಬಿಡು ಎಂದು ಅದು ಸಂಸಾರಿಗೆ ಹೇಳುವುದಿಲ್ಲ. ನಿನಗೆ ಎಷ್ಟು ಸಾಕು ಎಂದು ನೀನೇ ಮೊದಲು ಗೊತ್ತುಮಾಡಿಕೋ, ಆ ಗೆರೆ ದಾಟಬೇಡ ಎನ್ನುತ್ತದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಬರುವ ಲೋಪಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಬಟ್ಟೆಬರೆ ಎಂದು ಒಂದೊಂದನ್ನೂ ಹೆಸರಿಸುತ್ತದೆ. ಸಂಸಾರದ ಸಾಮಾನಿಗೆ ಇಷ್ಟು ಹಳೆಯ, ಇಷ್ಟು ಕಟ್ಟುನಿಟ್ಟಿನ ಪಟ್ಟಿ ನನಗೆ ಬೇರೆಲ್ಲೂ ಕಂಡಿಲ್ಲ. ಅದೇ ಗ್ರಂಥದ ಪ್ರಕಾರ ಪರಿಗ್ರಹವೆಂದರೆ ವಸ್ತುವಿಗೆ ಮನಸ್ಸು ಅಂಟಿಕೊಳ್ಳುವುದು. ಅಟ್ಟದ ಮೇಲಿನ ಕೊಡವನ್ನು ಯಾಕೆ ಇಳಿಸಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ಇಲ್ಲ.

ವ್ರತ ಹಿಡಿಯಲು ಜೈನರೇ ಆಗಬೇಕೆಂದಿಲ್ಲ. ಲಿಂಗಾಯತರ ಮನೆ, ಮರಾಠರ ಮನೆ, ಯಾರ ಮನೆಯಾದರೂ ಸರಿ, ಕಪಾಟು ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಕುಳಿತು ಬರೆಯಿರಿ. ಐದು ಜನರ ಮನೆಗೆ ಊಟದ ತಾಟು ಹತ್ತು ಸಾಕೇ, ಹನ್ನೆರಡು ಬೇಕೇ? ತಲೆಗೊಂದು ಹಾಸಿಗೆ, ಎರಡು ಹೊದಿಕೆ, ಬಂದವರಿಗೆ ಎಷ್ಟು? ದಿನ ಉಡುವ ಸೀರೆ ಎಷ್ಟು, ಕಾರ್ಯಕ್ಕೆ ಉಡುವವು ಎಷ್ಟು? ಸಂಖ್ಯೆ ನಿಮ್ಮದೇ, ನಾನು ಹೇಳುವಂಥದ್ದಲ್ಲ. ಆದರೆ ಅದನ್ನು ವಸ್ತು ಕೈಯಲ್ಲಿಲ್ಲದಾಗಲೇ ಬರೆಯಬೇಕು. ಕೈಗೆ ಬಂದ ಮೇಲೆ ಪ್ರತಿಯೊಂದಕ್ಕೂ ಒಂದು ನೆನಪು ಹುಟ್ಟಿಕೊಳ್ಳುತ್ತದೆ, ಮನೆಯ ಯಾವುದೋ ಮೂಲೆಯಿಂದ ಮಾತೂ ಬರುತ್ತದೆ: "ಇರ್ಲಿ ಬಿಡವಾ, ಯಾವಾಗರ ಬೇಕಾಕ್ಕೈತಿ."

ಆ 'ಯಾವಾಗರ' ಹೆಚ್ಚಾಗಿ ಮದುವೆ, ಜಾತ್ರೆ ಎಂಬ ನೆಪದಲ್ಲಿ ಬರುತ್ತದೆ. ವರ್ಷಕ್ಕೊಮ್ಮೆ ಇಪ್ಪತ್ತು ಜನ ಬಂದು ಮಲಗುತ್ತಾರೆಂದು ಉಳಿದ ದಿನವೆಲ್ಲ ಇಪ್ಪತ್ತು ಗಾದಿಗಳನ್ನು ಒಂದು ಕೋಣೆಯಲ್ಲಿ ಪೇರಿಸಿಟ್ಟು, ಮಕ್ಕಳು ಓದಲು ಜಾಗವಿಲ್ಲದೆ ಪಡಸಾಲೆಯಲ್ಲಿ ಟಿವಿಯ ಮುಂದೆ ಕೂರುವ ಮನೆಗಳು ಎಷ್ಟಿಲ್ಲ? ಓಣಿಯ ನಾಲ್ಕು ಮನೆಯವರು ಮಾತಾಡಿಕೊಂಡರೆ ಒಬ್ಬರ ಗಾದಿ ಇನ್ನೊಬ್ಬರ ಕಾರ್ಯಕ್ಕೆ ಆಗುತ್ತದೆ. ದೊಡ್ಡ ಪಾತ್ರೆಗಳನ್ನು ಸಮಾಜದ ಮಂದಿರದಿಂದಲೋ ಬಾಡಿಗೆ ಅಂಗಡಿಯಿಂದಲೋ ತರುವ ರೂಢಿ ಮೊದಲಿನಿಂದಲೂ ಇದೆ. ಗಾದಿಯನ್ನೂ ಆ ಲೆಕ್ಕಕ್ಕೆ ಸೇರಿಸಿದರಾಯಿತು.

ಬಾಗಿಲು

ಫೆಂಗ್ ಶುಯಿಯಲ್ಲಿ ಮುಂಬಾಗಿಲೆಂದರೆ ಮನೆಯ ಬಾಯಿ. ಕೆಲಸ ಅಲ್ಲಿಂದಲೇ ಶುರುವಾಗಲಿ. ಬಾಗಿಲು ಗೋಡೆ ತಾಗುವವರೆಗೆ ಪೂರ್ತಿ ತೆರೆಯುತ್ತದೆಯೇ ನೋಡಿ. ಬಹಳ ಮನೆಗಳಲ್ಲಿ ಮುಕ್ಕಾಲು ತೆರೆದು ನಿಲ್ಲುತ್ತದೆ, ಹಿಂದೆ ಮೊಳೆಗೆ ನೇತುಹಾಕಿದ ಚೀಲ, ರೇನ್‌ಕೋಟು, ಮುರಿದ ಕೊಡೆ ಇರುತ್ತವೆ. ಅವು ಹೋಗಬೇಕು. ಹೊಸ್ತಿಲಿನ ಎದುರಿಗೇ ಚಪ್ಪಲಿ ರಾಶಿ ಬೇಡ, ಪಕ್ಕಕ್ಕೆ ಒಂದು ರ್‍ಯಾಕ್ ಸಾಕು. ಕೊಲ್ಹಾಪುರಿ ಚಪ್ಪಲಿಯನ್ನು ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಲೇಬೇಡಿ, ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಡೆ ಕಾಗದ ತುರುಕಿ ಇಟ್ಟರೆ ಆಕಾರವೂ ಉಳಿಯುತ್ತದೆ.

ಒಕ್ಕಲುತನದ ಮನೆಯಲ್ಲಿ ಬಾಗಿಲ ಬಳಿ ಇನ್ನೊಂದು ಸಂಗತಿ ಇರುತ್ತದೆ, ಅದನ್ನು ಮಾತ್ರ ಯಾವ ಚರ್ಚೆಯೂ ಇಲ್ಲದೆ ಅದೇ ದಿನ ಹೊರಗೆ ಹಾಕಬೇಕು. ಕಬ್ಬು, ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೆಳೆಯುವವರ ಪಡಸಾಲೆಯಲ್ಲಿ ಔಷಧ ಹೊಡೆಯುವ ಪಂಪು, ಅರ್ಧ ಉಳಿದ ಕೀಟನಾಶಕದ ಬಾಟಲಿ, ಅದೇ ಮೂಲೆಯಲ್ಲಿ ಜೋಳದ ಚೀಲ. ಕೀಟನಾಶಕ ಮನೆಯೊಳಗೆ ಬರಲೇಬಾರದು. ಹೊರಗೆ, ಮಕ್ಕಳ ಕೈಗೆ ಎಟುಕದ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅದರದೇ ಬಾಟಲಿಯಲ್ಲಿ, ಚೀಟಿ ಹರಿಯದಂತೆ ಇರಬೇಕು. ಖಾಲಿ ಬಾಟಲಿ ಎಷ್ಟೇ ಗಟ್ಟಿಯಾಗಿದ್ದರೂ ಎಣ್ಣೆಗೋ ನೀರಿಗೋ ಬಳಸಬಾರದು. ಮೂರು ಸಲ ತೊಳೆದು, ಆ ನೀರನ್ನು ಪಂಪಿನ ಮಿಶ್ರಣಕ್ಕೇ ಸುರಿದು, ಬಾಟಲಿಗೆ ತೂತು ಹಾಕಿಬಿಟ್ಟರೆ ಮತ್ತೆ ಯಾರೂ ಅದನ್ನು ಬಳಸಲಾರರು. ಚೀ ಹರಿಯಲಿ ಬಿಡಲಿ, ಇಷ್ಟು ಮಾಡಿದರೆ ಮನೆಯಲ್ಲಿ ಒಂದು ಅನಾಹುತ ತಪ್ಪುತ್ತದೆ.

ದಿಕ್ಕಿನ ಜಗಳ

ವಾಸ್ತು ನಂಬುವ ಮನೆಗೆ ಫೆಂಗ್ ಶುಯಿ ಬಂದರೆ ಗೊಂದಲ ಖಂಡಿತ. ವಾಸ್ತುವಿನಲ್ಲಿ ಈಶಾನ್ಯ ನೀರಿನ ಮೂಲೆ, ಆಗ್ನೇಯ ಬೆಂಕಿಯದು. ಚೀನೀಯರ ನಕ್ಷೆಯಲ್ಲಿ ನೀರು ನೇರ ಉತ್ತರಕ್ಕಿದೆ, ಬೆಂಕಿ ದಕ್ಷಿಣಕ್ಕೆ, ಈಶಾನ್ಯದಲ್ಲಿ ಬೆಟ್ಟ, ಆಗ್ನೇಯದಲ್ಲಿ ಮರ. ಎರಡನ್ನೂ ಒಟ್ಟಿಗೆ ಪಾಲಿಸಲು ಹೊರಟವರು ನೀರಿನ ಕೊಡವನ್ನು ಕೈಯಲ್ಲಿ ಹಿಡಿದೇ ನಿಲ್ಲಬೇಕಾಗುತ್ತದೆ. ನೈಋತ್ಯದಲ್ಲಿ ಮಾತ್ರ ಎರಡೂ ಒಂದಾಗುತ್ತವೆ: ಎರಡರಲ್ಲೂ ಅದು ಮಣ್ಣಿನ ಮೂಲೆ. ಚೀನಾದ ಉತ್ತರ ಭಾಗಕ್ಕೆ ಚಳಿಗಾಳಿ ಬರುವುದು ಉತ್ತರದಿಂದ, ಹಾಗಾಗಿ ಬೆನ್ನಿಗೆ ಬೆಟ್ಟ, ಮುಖ ದಕ್ಷಿಣಕ್ಕೆ. ನಮಗೆ ಸಹ್ಯಾದ್ರಿ ದಾಟಿ ಬರುವ ಮಳೆಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಅವರವರ ಗಾಳಿ ನೋಡಿ ಅವರವರ ಶಾಸ್ತ್ರ ಎಂದು ನಾನು ಓದಿಕೊಳ್ಳುತ್ತೇನೆ.

ಓಣಿಯಲ್ಲಿ ಒಂದಕ್ಕೊಂದು ಗೋಡೆ ತಾಗಿದ, ಮುಂದೊಂದು ಬಾಗಿಲು ಹಿಂದೊಂದು ಬಾಗಿಲಿನ ಉದ್ದ ಮನೆಗಳಲ್ಲಿ ಒಲೆಯನ್ನೂ ಬಚ್ಚಲನ್ನೂ ದಿಕ್ಕಿಗೆ ತಕ್ಕಂತೆ ಎತ್ತಿಡಲಾಗದು. ಅಂಥ ಮನೆಗೆ ಬಾಗಿಲಿನಿಂದ ಲೆಕ್ಕ ಹಿಡಿಯುವ ಪದ್ಧತಿಯೇ ವಾಸಿ. ಬಾಗಿಲಲ್ಲಿ ನಿಂತು ಒಳಗೆ ನೋಡಿ. ಹಿಂಬಾಗಿಲು ಕಾಣುತ್ತದೆಯೇ? ನಡುವೆ ಏನು ಅಡ್ಡ ಬರುತ್ತದೆ? ನಿಂತುಹೋದ ಹೊಲಿಗೆ ಮಶಿನ್ನು, ಯಾರೂ ಕೂರದ ಸೋಫಾ, ಹಳೆಯ ಡಬ್ಬ ಟಿವಿ, ಅದರ ಮೇಲೊಂದು ಪ್ಲಾಸ್ಟಿಕ್ ಹೂಕುಂಡ. ನಡುಮನೆಯಲ್ಲಿ ಭಾರ ಬೇಡವೆಂದು ಫೆಂಗ್ ಶುಯಿ ಹೇಳುತ್ತದೆ, ನಡುವಿನ ಬ್ರಹ್ಮಸ್ಥಾನ ಖಾಲಿ ಇರಲಿ ಎಂದು ವಾಸ್ತುವೂ ಹೇಳುತ್ತದೆ. ಹಳೆಯ ವಾಡೆಗಳಲ್ಲಿ ನಡುವೆ ಬಯಲು ಬಿಟ್ಟಿದ್ದ ಚೌಕ ಇದೇ. ಬೆಳಕೂ ಗಾಳಿಯೂ ಮನೆಗೆ ಇಳಿಯುತ್ತಿದ್ದುದು ಅಲ್ಲಿಂದ.

ಭಾರದ ಕಪಾಟು, ತಿಜೋರಿಯನ್ನು ನೈಋತ್ಯಕ್ಕೆ ಇಡುವವರು ಒಂದು ಮಾತು ನೆನಪಿಡಬೇಕು. ಮಳೆಯ ಹೊಡೆತ ತಿನ್ನುವ ಗೋಡೆಯೂ ಅದೇ. ಕಪಾಟಿಗೂ ಗೋಡೆಗೂ ನಾಲ್ಕು ಬೆರಳು ಸಂದು ಬಿಡಿ, ಕೆಳಗೆ ಇಟ್ಟಿಗೆಯನ್ನೋ ಕಟ್ಟಿಗೆಯ ಹಲಗೆಯನ್ನೋ ಕೊಡಿ. ಧಾನ್ಯದ ಚೀಲ, ಬಟ್ಟೆಯ ಟ್ರಂಕು ಆ ಗೋಡೆಗೆ ಒರಗಿಸಿದರೆ ಶ್ರಾವಣದೊಳಗೆ ಬೂಷ್ಟು ಬಂದಿರುತ್ತದೆ.

ಅಡಿಗೆಮನೆ

ಒಲೆಯೂ ನೀರೂ ಅಕ್ಕಪಕ್ಕ ಇರಬಾರದೆಂಬ ಮಾತು ಸರಿಯೇ. ನಡುವೆ ತರಕಾರಿ ಹೆಚ್ಚುವಷ್ಟು ಜಾಗವಿದ್ದರೆ ಕಾದ ಎಣ್ಣೆಗೆ ನೀರು ಸಿಡಿಯುವುದಿಲ್ಲ. ಚೆಂದ ಕಾಣಲೆಂದು ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲಿಟ್ಟು ಮುಚ್ಚಿಬಿಡುವ ಮನೆಗಳಿವೆ. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಕೂರುತ್ತದೆ. ಆ ಬಾಗಿಲಿಗೆ ತಳದಲ್ಲಿ ಗಾಳಿಕಿಂಡಿ ಇರಲೇಬೇಕು. ಸಿಲಿಂಡರ್ ನೆಟ್ಟಗೆ, ಒಲೆ ಅದಕ್ಕಿಂತ ಎತ್ತರದಲ್ಲಿ. ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಂಡರಿನ ಸುತ್ತ ಹಳೆ ಪತ್ರಿಕೆ, ಪ್ಲಾಸ್ಟಿಕ್ ಚೀಲಗಳ ಗಂಟು ತುರುಕಬೇಡಿ.

ಪಾತ್ರೆಗಳ ಕಡೆಗೆ ಬಂದರೆ ಕಷ್ಟ ಶುರು. ಮದುವೆಗೆ ಬಂದ, ಹೆಸರು ಕೊರೆಸಿದ ಸ್ಟೀಲ್ ಡಬ್ಬಿ, ಲೋಟ, ಪರಾತ. ಕೊಟ್ಟವರ ಹೆಸರು, ದಿನಾಂಕ ಅದರ ಮೇಲೇ ಇದೆ, ಹಾಗಾಗಿ ಬೇರೆಯವರಿಗೆ ಕೊಡಲು ಮನಸ್ಸಾಗುವುದಿಲ್ಲ. ಇಲ್ಲಿ ಅವಸರ ಬೇಡ. ಸೊಸೆಯಾದವಳು ಅತ್ತೆಯ ಕೊಡವನ್ನು ತಾನೇ ತೆಗೆದು ಹೊರಗಿಡುವುದು ಸಲ್ಲ. ಪಕ್ಕಕ್ಕೆ ಕುಳಿತು, "ಅತ್ತಿ, ಈ ಹಂಡೆ ಯಾರ ಕೊಟ್ಟದ್ದರೀ?" ಎಂದು ಕೇಳಬೇಕು. ಕಥೆ ಹೊರಗೆ ಬಂದ ಮೇಲೆ ಎಷ್ಟೋ ಸಲ ಅತ್ತೆಯೇ ವಸ್ತುವನ್ನು ಬಿಟ್ಟುಕೊಡುತ್ತಾರೆ. ಅವರಿಗೆ ಬೇಕಾಗಿದ್ದದ್ದು ಆ ಕಥೆ ಇನ್ನೊಬ್ಬರಿಗೆ ಗೊತ್ತಾಗುವುದು. ಬಿಟ್ಟುಕೊಡದಿದ್ದರೆ ಅಟ್ಟದಿಂದ ಇಳಿಸಿ ಬಳಕೆಗೆ ತನ್ನಿ. ತಾಮ್ರದ ಹಂಡೆಯಲ್ಲಿ ನೀರು ತುಂಬಿಡಿ, ಹಿತ್ತಾಳೆ ಕೊಡವನ್ನು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕಲು ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಸುಮ್ಮನೆ ತೊಳೆಸಿಕೊಳ್ಳುವುದಕ್ಕಿಂತ ಅದು ಮೇಲು.

ಧಾನ್ಯ, ಹಿಟ್ಟಿನ ವಿಷಯದಲ್ಲಿ ಜೈನರ ಮನೆಯ ಒಂದು ನಿಯಮ ಎಲ್ಲರಿಗೂ ಉಪಯೋಗ. ಬೀಸಿದ ಹಿಟ್ಟಿಗೆ ಮರ್ಯಾದೆ, ಅಂದರೆ ಅವಧಿ ಇದೆ: ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಅದಾದ ಮೇಲೆ ಸೂಕ್ಷ್ಮಜೀವ ಹುಟ್ಟುತ್ತದೆ, ತಿಂದರೂ ಚೆಲ್ಲಿದರೂ ಹಿಂಸೆ ಎಂದು ಅವರ ಲೆಕ್ಕ. ಹತ್ತು ಕಿಲೋ ಹಿಟ್ಟು ಒಮ್ಮೆಲೇ ಬೀಸಿಸುವ ಮನೆಗೆ ಮಳೆಗಾಲದಲ್ಲಿ ಹುಳದ ಕಾಟ ತಪ್ಪಿದ್ದಲ್ಲ ಎಂಬುದು ಅನುಭವಿಕರಿಗೆ ಗೊತ್ತು. ಹಿಟ್ಟಿಗಷ್ಟೇ ಅಲ್ಲ, ಎಲ್ಲಕ್ಕೂ ಈ ವಿಚಾರ ಹೊಂದುತ್ತದೆ. ಅಲುಗಾಡಿಸದ ಸಾಮಾನಿನ ಹಿಂದೆ ಜೇಡ, ಜಿರಳೆ, ಗೆದ್ದಲು ಸಂಸಾರ ಹೂಡುತ್ತವೆ, ಒಂದು ದಿನ ನಾವು ಕಸಬರಿಗೆ ಹಿಡಿದು ಅವನ್ನೆಲ್ಲ ಕೊಲ್ಲುತ್ತೇವೆ. ಸಾಮಾನು ಕಡಿಮೆಯಿದ್ದರೆ ಆ ಪಾಪದ ಪ್ರಸಂಗವೇ ಬರುವುದಿಲ್ಲ.

ಬಟ್ಟೆ ಮತ್ತು ಹಾಸಿಗೆ

ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಮಗ್ಗದ ಸದ್ದು ಹಗಲಿರುಳು ಕೇಳುವ ಈ ಸೀಮೆಗೆ ಬಟ್ಟೆಯ ಬರ ಇಲ್ಲ. ಅದರ ಮೇಲೆ ಆಹೇರ: ಯಾವ ಮದುವೆ, ಯಾವ ವಾಸ್ತುಶಾಂತಿಗೆ ಹೋದರೂ ಹೆಣ್ಣುಮಕ್ಕಳಿಗೆ ಜಂಪರ್ ಪೀಸು, ಗಂಡಸರಿಗೆ ಟೋಪಿ, ಟವೆಲು. ಯಾರೂ ಹೊಲಿಸದ, ಯಾರೂ ಉಡದ ಈ ತುಂಡುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಸುತ್ತುತ್ತಲೇ ಇರುತ್ತವೆ. ಆಹೇರ ತರಬಾರದೆಂದು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸುವವರು ಇದ್ದಾರೆ. ಅವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮನೆಗೆ ಬರುವ ಸಾಮಾನನ್ನು ಹೊಸ್ತಿಲಲ್ಲೇ ನಿಲ್ಲಿಸದಿದ್ದರೆ ಒಳಗೆ ಎಷ್ಟು ತೆಗೆದರೂ ತುಂಬುತ್ತಲೇ ಇರುತ್ತದೆ. ಈಗಾಗಲೇ ಬಂದಿರುವ ಹತ್ತಿಯ ತುಂಡುಗಳಿಂದ ಸಂತೆಗೆ ಒಯ್ಯುವ ಚೀಲ ಹೊಲಿಸಬಹುದು. ಬಣ್ಣ ಬಿಡುವ ನೈಲಾನ್ ತುಂಡು ಯಾವ ಕೆಲಸಕ್ಕೂ ಬರುವುದಿಲ್ಲ, ಅದನ್ನು ಮತ್ತೊಬ್ಬರಿಗೆ ದಾಟಿಸಲೂ ಬೇಡಿ.

ಹಳೆ ಹತ್ತಿ ಸೀರೆಗೆ ಕೌದಿಗಿಂತ ಒಳ್ಳೆಯ ಗತಿ ಇಲ್ಲ. ಆದರೆ ಕೌದಿಗೂ ಪರಿಮಾಣ ಬೇಕು. ಹೊಲಿಯುವ ಅಜ್ಜಿ ಮನೆಯಲ್ಲಿದ್ದಾರೆಂದು ಕೌದಿಗಳು ಬೆಳೆಯುತ್ತಲೇ ಹೋದರೆ ಅವೂ ಗಾದಿಗಳ ಗುಡ್ಡ ಸೇರುತ್ತವೆ. ಹೊಲಿದದ್ದನ್ನು ಹೆಣ್ಣುಮಕ್ಕಳ ಮನೆಗೆ, ಬಾಣಂತಿಯರಿಗೆ ಕಳಿಸಿದರೆ ಅಜ್ಜಿಗೂ ಹಿಗ್ಗು.

ಮಂಚದ ಕೆಳಗೆ ಏನೂ ಇರಬಾರದೆಂದು ಫೆಂಗ್ ಶುಯಿ ಬಲವಾಗಿ ಹೇಳುತ್ತದೆ. ದಿವಾನಿನ ಪೆಟ್ಟಿಗೆಯನ್ನೇ ಕಪಾಟು ಮಾಡಿಕೊಂಡ ಸಣ್ಣ ಮನೆಗಳಿಗೆ ಇದು ಕಷ್ಟ. ನನ್ನ ಮಾತು ಇಷ್ಟು: ದಿವಾನಿನಲ್ಲಿ ಹೊದಿಕೆ, ದಿಂಬಿನ ಗಲೀಫುಗಳು ಮಾತ್ರ ಇರಲಿ. ಚಪ್ಪಲಿ, ಪಾತ್ರೆ, ಹಳೆ ಕಾಗದ, ಕಬ್ಬಿಣದ ಸಾಮಾನು ಬೇಡ. ತಿಂಗಳಿಗೊಮ್ಮೆ ಮುಚ್ಚಳ ತೆರೆದು ಅರ್ಧ ದಿನ ಗಾಳಿಗೆ ಬಿಡಿ. ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಬಾಗಿಲಿಗೆ ನೇರವಾಗಿ ಕಾಲು ಚಾಚಿರಬಾರದು ಎಂಬ ನಿಯಮವನ್ನು ಪಾಲಿಸಬಹುದು. ತಲೆಯ ಹಿಂದೆ ಗಟ್ಟಿ ಗೋಡೆ ಇದ್ದು, ಯಾರು ಬರುತ್ತಾರೆಂದು ಕಾಣುತ್ತಿದ್ದರೆ ನೆಮ್ಮದಿಯ ನಿದ್ದೆ ಯಾರಿಗಾದರೂ ಬರುತ್ತದೆ. ಮಗ್ಗದ ಶೆಡ್ಡು ಮನೆಗೆ ಅಂಟಿಕೊಂಡಿದ್ದರೆ ತೆರೆದ ಶೆಲ್ಫು ಬೇಡವೇ ಬೇಡ. ಹತ್ತಿಯ ನವಿರು ಧೂಳು ಎಲ್ಲದರ ಮೇಲೂ ಕೂರುತ್ತದೆ.

ಬಟ್ಟೆಗೆ ಹುಳ ಹತ್ತದಂತೆ ಡಾಂಬರ್ ಗುಳಿಗೆ ಹಾಕುವ ರೂಢಿ ಇದೆ. ಹಸುಗೂಸಿನ ಬಟ್ಟೆ, ದುಪಟಿಯ ಜೊತೆ ಅದನ್ನು ಖಂಡಿತ ಇಡಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ಆ ಗುಳಿಗೆಯ ವಾಸನೆಯಿಂದಲೂ ರಕ್ತಕಣ ಒಡೆದು ಕಾಮಾಲೆ ಆಗಬಹುದು. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ.

ಅಟ್ಟ, ಮತ್ತೆ ಹೊಳೆ

ತಲೆಯ ಮೇಲೆ ಭಾರ ಇರಬಾರದು, ಅಟ್ಟ ತುಂಬಿಸಬೇಡಿ ಎನ್ನುತ್ತದೆ ಫೆಂಗ್ ಶುಯಿ. ಕೃಷ್ಣಾ ಪಂಚಗಂಗೆಯರ ದಂಡೆಯವರು ಇದನ್ನು ಕೇಳಿದರೆ ಸಿಟ್ಟಾದಾರು. 2005, 2019, 2021ರ ನೆರೆಯಲ್ಲಿ ಅವರ ಸಾಮಾನು ಉಳಿದಿದ್ದರೆ ಎತ್ತರದಲ್ಲಿ ಇಟ್ಟದ್ದರಿಂದಲೇ. ಪಂಚಗಂಗೆ ಕೃಷ್ಣೆಯನ್ನು ಸೇರುವ ನರಸೋಬಾವಾಡಿಯಲ್ಲಿ ದತ್ತಗುರುವಿನ ಗುಡಿಗೆ ನೀರು ನುಗ್ಗಿ, ಪಾದುಕೆಗಳ ಮೇಲಿಂದ ಹಾದು ದಕ್ಷಿಣದ ಬಾಗಿಲಿಂದ ಹೊರಬರುವುದನ್ನು ಜನ ದಕ್ಷಿಣದ್ವಾರದ ಸಂಭ್ರಮವೆಂದು ಆಚರಿಸಿ ಮೀಯುತ್ತಾರೆ. ಅದೇ ನೀರು ಇನ್ನೂ ಏರಿ ತಮ್ಮ ಹೊಸ್ತಿಲು ದಾಟಿದಾಗ ಏನಾಗುತ್ತದೆಂಬುದನ್ನು 2019ರ ಆಗಸ್ಟ್ ಶಿರೋಳ ತಾಲೂಕಿಗೆ ತೋರಿಸಿತು.

ಹೊಳೆ ಏರಿ ಬರುವಾಗ ಅಟ್ಟ ಬೇಕು, ನಿಜ. ಆದರೆ ಆ ಹೊತ್ತಿಗೆ ಅಟ್ಟದಲ್ಲಿ ಏನಿರುತ್ತದೆ? ಬಿರುಕು ಬಿಟ್ಟ ಕೂಲರು, ಮಗನ ಏಳನೇ ಇಯತ್ತೆಯ ಪುಸ್ತಕ, ಮುರಿದ ತೊಟ್ಟಿಲು, ಥರ್ಮಾಕೋಲಿನ ಗಣಪತಿ ಮಂಟಪ. ಜೋಳದ ಚೀಲ, ಹಾಸಿಗೆ, ಮಿಕ್ಸರು ಏರಿಸಲು ಜಾಗವೇ ಇಲ್ಲ. ಆಗ ಅಟ್ಟದ ರದ್ದಿ ಬೆಚ್ಚಗೆ ಉಳಿದು, ಕೆಳಗಿನ ಬದುಕು ನೀರಲ್ಲಿ ನೆನೆಯುತ್ತದೆ. ಹೊಳೆದಂಡೆಯ ಮನೆಯಲ್ಲಿ ಅಟ್ಟ ಖಾಲಿ ಇರಬೇಕಾದದ್ದು ಇದಕ್ಕೇ. ಪರಿಮಾಣದ ಹಾಳೆಯಲ್ಲಿ ಅಟ್ಟಕ್ಕೆ ಒಂದು ಸಾಲು ಮೀಸಲಿಡಿ: ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮೇ ತಿಂಗಳ ಕೊನೆಗೆ ಪೂರ್ತಿ ಖಾಲಿ. ಏರಿಸುವ ಕ್ರಮವನ್ನೂ ಮನೆಯವರೆಲ್ಲ ಈಗಲೇ ಮಾತಾಡಿಕೊಳ್ಳಿ. ಮೊದಲು ಕಾಗದಪತ್ರ ಮತ್ತು ಔಷಧ, ಆಮೇಲೆ ಧಾನ್ಯ, ಆಮೇಲೆ ಹಾಸಿಗೆ, ಕಡೆಗೆ ವಿದ್ಯುತ್ ಸಾಮಾನು. ಜೀವ ಮತ್ತು ದನಕರು ಎಲ್ಲಕ್ಕಿಂತ ಮೊದಲು ಎಂದು ಬೇರೆ ಹೇಳಬೇಕಿಲ್ಲ.

ಕಾಗದ, ಪುಸ್ತಕ, ದೇವರು

ಕಾಗದಗಳಲ್ಲಿ ಎರಡೇ ಬಗೆ ಮಾಡಿ. ಮತ್ತೆ ಸಿಗದವು, ಮತ್ತೆ ಸಿಗುವವು. ಹೊಲದ ಸಾತಬಾರಾ ಉತಾರೆ ಈಗ ಡಿಜಿಟಲ್ ಸಹಿಯೊಂದಿಗೆ ಆನ್‌ಲೈನಿನಲ್ಲೇ ಸಿಗುತ್ತದೆ. ಅದರ ಇಪ್ಪತ್ತು ಹಳೆ ಪ್ರತಿ ಕಟ್ಟಿಡುವ ಅಗತ್ಯವಿಲ್ಲ. ಮೂಲ ಖರೀದಿಪತ್ರ, ವಾಟಣಿಪತ್ರ, ಶಾಲೆ ಬಿಟ್ಟ ದಾಖಲೆ, ಜಾತಿ ಪ್ರಮಾಣಪತ್ರ, ವಿಮೆಯ ಪಾಲಿಸಿ, ಬ್ಯಾಂಕಿನ ಠೇವಣಿ ರಸೀದಿ ಇವು ಒಂದೇ ಜಾಗದಲ್ಲಿ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಆ ಚೀಲ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಚಿಕ್ಕದಿರಬೇಕು. ಫೋಟೊ ತೆಗೆದು ಊರ ಹೊರಗಿರುವ ಮಗಳಿಗೋ ತಮ್ಮನಿಗೋ ಕಳಿಸಿಡಿ. ಸಾಲ ತೀರಿದ ಮೇಲೆ ಸೊಸೈಟಿಯಿಂದ ಪಡೆದ ಬಾಕಿ ಇಲ್ಲವೆಂಬ ಪತ್ರ ಉಳಿಯಲಿ, ಅದರ ಕಂತಿನ ಚೀಟಿಗಳು ಹೋಗಲಿ. ಸಕ್ಕರೆ ಕಾರ್ಖಾನೆಯ ಕಬ್ಬಿನ ತೂಕದ ಚೀಟಿ ಆ ಹಂಗಾಮಿನ ಬಿಲ್ಲು ಪೂರ್ತಿ ಜಮೆ ಆಗುವವರೆಗೆ ಬೇಕು.

ಪುಸ್ತಕಗಳಿಗೆ ಜೈನರಲ್ಲಿ ಒಂದು ದಿನವೇ ಇದೆ. ಜ್ಯೇಷ್ಠ ಶುದ್ಧ ಪಂಚಮಿ, ಶ್ರುತಪಂಚಮಿ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮ ಗ್ರಂಥರೂಪ ಪಡೆದದ್ದರ ನೆನಪಿಗೆ ಅಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಬಿಸಿಲು ಗಾಳಿ ತೋರಿಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತಾರೆ. ಆ ಗ್ರಂಥದ ತಾಳೆಗರಿಗಳು ನಮ್ಮ ಮೂಡುಬಿದಿರೆಯಲ್ಲಿ ಶತಮಾನಗಳ ಕರಾವಳಿ ಮಳೆಯನ್ನು ತಾಳಿ ಉಳಿದಿವೆ. ಈ ಪಂಚಮಿ ಮಳೆಗಾಲದ ಬಾಗಿಲಲ್ಲೇ ಬರುತ್ತದೆ. ಮನೆಯ ಪುಸ್ತಕ, ಕಾಗದಪತ್ರ, ಹಳೆ ಫೋಟೊ ತೆಗೆದು ನೋಡಲು 'ಬಿಡುವಾದಾಗ' ಎನ್ನುವ ಬದಲು ಇದೊಂದು ದಿನವನ್ನು ಎಲ್ಲರೂ ಗೊತ್ತುಮಾಡಿಕೊಳ್ಳಬಹುದು. ಓದಿ ಮುಗಿಸಿದ ಧರ್ಮಗ್ರಂಥಗಳನ್ನು ಬಸದಿಗೋ ಮಠಕ್ಕೋ ಕೇಳಿ ಕೊಟ್ಟರೆ ಅದು ಶಾಸ್ತ್ರದಾನ. ಕೇಳದೆ ಮೂಟೆ ತಂದು ಇಳಿಸಿ ಹೋದರೆ ನಮ್ಮ ರದ್ದಿಯನ್ನು ಅವರ ಮನೆಗೆ ಸಾಗಿಸಿದಂತೆ.

ದೇವರ ಜಗಲಿಯನ್ನು ಕೊನೆಗೆ ಮುಟ್ಟಿ, ಹಿರಿಯರನ್ನು ಕೂರಿಸಿಕೊಂಡೇ ಮುಟ್ಟಿ. ಬಣ್ಣ ಮಾಸಿದ ಪಟ, ಗಾಜು ಒಡೆದ ಫ್ರೇಮು, ದೇವರ ಚಿತ್ರದ ಹತ್ತಾರು ಹಳೆ ಕ್ಯಾಲೆಂಡರು, ಲಗ್ನಪತ್ರಿಕೆಯ ಮೇಲಿನ ಗಣಪತಿ. ಎಸೆಯಲು ಕೈ ಬರುವುದಿಲ್ಲ, ಹೊಳೆಗೆ ಬಿಡುತ್ತಾರೆ. ಪಂಚಗಂಗೆಗೆ ಈಗಾಗಲೇ ಸಾಕಷ್ಟು ಹೊಲಸು ಸೇರುತ್ತಿದೆ, ಗಾಜು ಮತ್ತು ಪ್ಲಾಸ್ಟಿಕ್ ಅಂಟಿದ ದೇವರನ್ನೂ ಅದಕ್ಕೆ ಹಾಕಬೇಡಿ. ಫ್ರೇಮಿನಿಂದ ಚಿತ್ರ ಬಿಡಿಸಿ, ಗಾಜು, ಕಟ್ಟಿಗೆ ಬೇರೆ ಮಾಡಿ, ಕಾಗದವನ್ನು ನೀರಲ್ಲಿ ನೆನೆಸಿ ಹಿತ್ತಲ ಮರದ ಬುಡದಲ್ಲಿ ಗೌರವದಿಂದ ಮಣ್ಣು ಮಾಡಿದರೆ ಶಾಸ್ತ್ರಕ್ಕೆ ಕೊರತೆ ಬರುವುದಿಲ್ಲ. ಮಿಂಚುಕಾಗದದ ಮೇಲೆ ಅಚ್ಚಾದದ್ದು ಮಣ್ಣಾಗುವುದಿಲ್ಲ, ಅದನ್ನು ರದ್ದಿಗೆ ಕೊಡಬಹುದು.

ದಿನ ಮತ್ತು ದಾರಿ

ಇಡೀ ಮನೆಯನ್ನು ಒಂದೇ ಭಾನುವಾರ ಕೆಡವಿದರೆ ಸಂಜೆಗೆ ಅಳು ಬರುತ್ತದೆ, ಎಲ್ಲವೂ ಮತ್ತೆ ಹಳೆಯ ಜಾಗಕ್ಕೇ ಹೋಗುತ್ತದೆ. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಜೈನರು ದಿನಕ್ಕೊಂದು ಧರ್ಮ ನೆನೆಯುತ್ತಾರೆ. ಎಂಟನೆಯದು ತ್ಯಾಗ, ಒಂಬತ್ತನೆಯದು ಆಕಿಂಚನ್ಯ, ಅಂದರೆ ನನ್ನದೆಂಬುದು ಏನೂ ಇಲ್ಲವೆಂಬ ಭಾವ. ಆ ಹೊತ್ತಿಗೆ ಪರಿಮಾಣದ ಹಾಳೆ ಬರೆದಿಟ್ಟುಕೊಂಡು, ಅನಂತ ಚತುರ್ದಶಿಯಿಂದ ಘಟಸ್ಥಾಪನೆಯವರೆಗೆ ದಿನಕ್ಕೊಂದು ಗೂಡು, ಒಂದು ಕಪಾಟು ಎಂದು ತೆಗೆದರೆ ದಸರೆಯ ತೊಳೆಯುವ ಕೆಲಸವೇ ಅರ್ಧಕ್ಕಿಳಿಯುತ್ತದೆ. ಮೊದಲು ತೆಗೆಯಿರಿ, ಉಳಿದದ್ದನ್ನು ತೊಳೆಯಿರಿ. ಗಂಡಸರೂ ಕೈ ಹಾಕಬೇಕು. ಅಟ್ಟ ತುಂಬಿಸಿದ್ದರಲ್ಲಿ ಅವರ ಪಾಲೂ ಇದೆ: ಹಳೆ ಮೋಟಾರಿನ ಬಿಡಿಭಾಗ, ಟಾಯರು, ತುಂಡು ಪೈಪು.

ಹೊರಗೆ ಇಟ್ಟದ್ದು ಅದೇ ವಾರ ಹೊಸ್ತಿಲು ದಾಟಲಿ. ಕಬ್ಬಿಣ, ತಗಡು, ಪ್ಲಾಸ್ಟಿಕ್ಕು ಭಂಗಾರದವರಿಗೆ. ಉಡುವಂಥ ಬಟ್ಟೆಯನ್ನು ಒಗೆದು, ಗುಂಡಿ ಹಚ್ಚಿ, ಕಬ್ಬು ಕಡಿಯಲು ಬರುವ ತಂಡದವರಿಗೆ ಕೊಡಿ. ಅವರು ದೀಪಾವಳಿಯ ಸುಮಾರಿಗೆ ಗುಡಿಸಲು ಹಾಕುವಾಗ ಮಕ್ಕಳಿಗೆ ಸ್ವೆಟರು, ಹೊದಿಕೆ ನಿಜಕ್ಕೂ ಬೇಕಿರುತ್ತದೆ. ಹರಿದದ್ದನ್ನು ಕೊಡಬೇಡಿ, ಅದು ಒರೆಸುವ ಅರಿವೆಯಾಗಲಿ. ಕೆಟ್ಟ ಮೊಬೈಲು, ಬ್ಯಾಟರಿ, ಟ್ಯೂಬ್‌ಲೈಟು ಕಸದ ಗಾಡಿಯ ಹಸಿ ಕಸಕ್ಕೆ ಸೇರಬಾರದು, ಬೇರೆ ಚೀಲದಲ್ಲಿ ಹೇಳಿ ಕೊಡಬೇಕು. ಅವಧಿ ಮೀರಿದ ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ, ಬೂದಿಯಲ್ಲೋ ಚಹಾಪುಡಿಯ ಚರಟದಲ್ಲೋ ಕಲಸಿ, ಮುಚ್ಚಿದ ಡಬ್ಬಿಯಲ್ಲಿ ಅವನ್ನೂ ಹಾಗೆಯೇ ಬೇರೆಯಾಗಿ ಹೇಳಿ ಕೊಡಿ. ಚರಂಡಿಗೆ ಸುರಿಯಬೇಡಿ. ಯಾರಿಗೆ ಕೊಡುವುದೆಂದು ಗೊತ್ತಾಗದೆ ಉಳಿದದ್ದನ್ನು ಒಂದು ಪೆಟ್ಟಿಗೆಗೆ ಹಾಕಿ ಮೇಲೆ ದಿನಾಂಕ ಬರೆದು ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡಿ, ಅಟ್ಟಕ್ಕೆ ಮಾತ್ರ ಏರಿಸಬೇಡಿ. ಯುಗಾದಿಯವರೆಗೆ ಯಾರೂ ಅದನ್ನು ತೆರೆಯದಿದ್ದರೆ ತೆರೆಯದೆಯೇ ಕೊಟ್ಟುಬಿಡಬಹುದು.